ಮಹ್ರ್ ಎಷ್ಟೆಂದು ಕೇಳಿದೆವು, ವೀಸಾ ಯಾವುದೆಂದು ಕೇಳಿದೆವಾ?

ಕಳೆದ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾರ್ಕಳದಿಂದ ಕಾಪುವಿನ ನಮ್ಮ ಮನೆಗೆ ಬಂದಿದ್ದಳು. ಜೊತೆಯಲ್ಲಿ ಮೂರು ವರ್ಷದ ಮಗಳು. ಚಹಾ ಕುಡಿಯುತ್ತಿದ್ದಾಗ ನನ್ನ ಮೊಬೈಲ್ ರಿಂಗಾಯಿತು. ಮಗು ಓಡಿ ಬಂದು ಅದನ್ನು ಎತ್ತಿಕೊಂಡು 'ಉಪ್ಪ' ಎಂದಿತು. ಆ ಮಗುವಿಗೆ ಉಪ್ಪ ಎಂದರೆ ಮೊಬೈಲಿನೊಳಗೆ ಇರುವವರು. ಹುಟ್ಟಿದ ಮೇಲೆ ಅದು ತಂದೆಯನ್ನು ನೇರವಾಗಿ ಕಂಡದ್ದು ಒಂದೇ ಸಲ, ಒಂದು ತಿಂಗಳ ರಜೆಯಲ್ಲಿ.

ಅವಳ ನಿಕಾಹ್ ನಡೆದದ್ದು 2021ರ ಕೊನೆಯಲ್ಲಿ. ಹುಡುಗ ಕುವೈತಿನಲ್ಲಿ ಕೆಲಸದಲ್ಲಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಮನೆತನ. "ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತಾನೆ" ಎಂದು ಸಂಬಂಧ ತಂದವರು ಹೇಳಿದ್ದರು. ಹೇಗೂ ಹೋಗುವವಳಲ್ಲವೇ ಎಂದು ಅವಳು ಬಿ.ಎಡ್. ಅನ್ನು ಅರ್ಧದಲ್ಲೇ ಬಿಟ್ಟಳು. 2022ರಲ್ಲಿ ಕುವೈತ್ ಫ್ಯಾಮಿಲಿ ವೀಸಾ ಕೊಡುವುದನ್ನೇ ನಿಲ್ಲಿಸಿತು. 2024ರ ಜನವರಿ ಕೊನೆಯಲ್ಲಿ ಮತ್ತೆ ಆರಂಭಿಸಿದಾಗ ತಿಂಗಳಿಗೆ ಕನಿಷ್ಠ 800 ದಿನಾರ್ ಸಂಬಳ ಮತ್ತು ವಿಶ್ವವಿದ್ಯಾನಿಲಯದ ಪದವಿ ಬೇಕೆಂದಿತು. ಪದವಿಯ ಷರತ್ತು ಆ ಮೇಲೆ ಸಡಿಲವಾಯಿತು. ಆದರೆ ಅವಳ ಗಂಡನ ಸಂಬಳ 800ರ ಅರ್ಧಕ್ಕೂ ತಲುಪುವುದಿಲ್ಲ.

"ಟೀಚರ್, ಇದೆಲ್ಲ ಮೊದಲೇ ಗೊತ್ತಿದ್ದರೆ ನಾನು ಈ ಸಂಬಂಧ ಬೇಡ ಎನ್ನುತ್ತಿರಲಿಲ್ಲ. ಆದರೆ ಓದು ಬಿಡುತ್ತಿರಲಿಲ್ಲ" ಎಂದಳು.

ಅವಳು ಹೋದ ಮೇಲೂ ಈ ಮಾತು ನನ್ನನ್ನು ಬಿಡಲಿಲ್ಲ. ಸಹೋದರಿಯರೇ, ನಾವು ಮಗಳಿಗೆ ಸಂಬಂಧ ನೋಡುವಾಗ ಏನೆಲ್ಲ ವಿಚಾರಿಸುತ್ತೇವೆ! ಹುಡುಗನ ನಮಾಝ್, ನಡತೆ, ಮನೆ, ಅತ್ತೆಯ ಸ್ವಭಾವ, ಮಹ್ರ್‌ನ ಮೊತ್ತ. ಹುಡುಗ ಹೊರದೇಶದಲ್ಲಿದ್ದರೆ "ಎಲ್ಲಿ?" ಎಂದು ಕೇಳಿ ಸುಮ್ಮನಾಗುತ್ತೇವೆ. ಅವನ ವೀಸಾ ಯಾವುದು, ಆ ವೀಸಾದಲ್ಲಿ ಹೆಂಡತಿಯನ್ನು ಕರೆಸಲು ಬರುತ್ತದೆಯೇ, ಸಂಬಳ ಅಲ್ಲಿನ ಕಾನೂನು ಕೇಳುವಷ್ಟಿದೆಯೇ ಎಂಬ ಪ್ರಶ್ನೆಗಳು ನಮ್ಮ ಬಾಯಿಗೆ ಬರುವುದಿಲ್ಲ. ಕೇಳಿದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂಬ ಭಯ. ಮುಂದೆ ಆ ಹುಡುಗಿ ಗಂಡನ ಜೊತೆ ಬಾಳುವುದೋ ಮೊಬೈಲ್ ಜೊತೆ ಬಾಳುವುದೋ ಎಂಬುದು ಇದೇ ಉತ್ತರಗಳ ಮೇಲೆ ನಿಂತಿದೆ.

ಒಂದೊಂದು ದೇಶದ ನಿಯಮ ಒಂದೊಂದು ರೀತಿ. ಯು.ಎ.ಇ. 2019ರಲ್ಲಿ ಹುದ್ದೆಯನ್ನು ನೋಡುವ ಕ್ರಮ ಬಿಟ್ಟು ಆದಾಯವನ್ನು ನೋಡತೊಡಗಿತು. ಆಗ ನಿಗದಿಯಾದದ್ದು 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ವಸತಿ. ಸೌದಿ ಅರೇಬಿಯಾ 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್! ಜಿದ್ದಾ, ದಮ್ಮಾಮ್‌ಗಳಿಂದ ನಮ್ಮ ಎಷ್ಟೋ ಸಹೋದರಿಯರು ಮಕ್ಕಳ ಟಿ.ಸಿ. ಹಿಡಿದುಕೊಂಡು ಊರಿಗೆ ಬಂದದ್ದು ಆಗಲೇ.

ಕೊಲ್ಲಿ ಬಿಟ್ಟು ಇಂಗ್ಲೆಂಡಿಗೆ ಹೋದರೆ ಸುಖ ಎಂದು ಕೆಲವರು ಭಾವಿಸಿದ್ದಾರೆ. ಅಲ್ಲಿ ವಲಸೆಯೇ ಚುನಾವಣೆಯ ದೊಡ್ಡ ವಿಷಯ. ವಲಸಿಗರ ಸಂಖ್ಯೆ ಇಳಿಸುತ್ತೇವೆಂದು ಮಾತು ಕೊಟ್ಟ ಸರಕಾರ ಮೊದಲು ಕೈ ಹಾಕಿದ್ದು ಕುಟುಂಬಗಳ ಮೇಲೆ. 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ವಿದ್ಯಾರ್ಥಿಗಳು ಹೆಂಡತಿ ಅಥವಾ ಗಂಡನನ್ನು ಕರೆಸುವಂತಿಲ್ಲ ಎಂದಾಯಿತು. ಮಾರ್ಚ್ 11ರಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಹೊಸದಾಗಿ ಹೋಗುವವರಿಗೂ ಅದೇ ತಡೆ. ಏಪ್ರಿಲ್ 11ರಿಂದ, ಬ್ರಿಟಿಷ್ ಪ್ರಜೆಗಳು ಮತ್ತು ಅಲ್ಲಿ ಖಾಯಂ ನೆಲೆಸಿದವರು ಹೊರಗಿನಿಂದ ಸಂಗಾತಿಯನ್ನು ಕರೆಸಲು ಬೇಕಾದ ವಾರ್ಷಿಕ ಆದಾಯ 18,600 ಪೌಂಡ್‌ನಿಂದ 29,000ಕ್ಕೆ ಏರಿತು. ಅಮೆರಿಕದಲ್ಲಿ 2025ರ ಜನವರಿ 20ರಂದು ಹೊರಟ ಅಧ್ಯಕ್ಷರ ಆದೇಶ, ತಾತ್ಕಾಲಿಕ ವೀಸಾದಲ್ಲಿರುವ ದಂಪತಿಗೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವವಿಲ್ಲ ಎಂದಿತು. ಕೆಳಗಿನ ನ್ಯಾಯಾಲಯಗಳು ತಡೆ ನೀಡಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಎಲ್ಲ ಕಡೆ ಹೆಂಡತಿ ಮಕ್ಕಳ ಮೇಲೆಯೇ ಏಕೆ ಕತ್ತರಿ? ದುಡಿಯುವ ಕೈ ಎಲ್ಲರಿಗೂ ಬೇಕು. ಆ ಕೈಯ ಹಿಂದಿರುವ ಸಂಸಾರಕ್ಕೆ ಮನೆ, ಶಾಲೆ, ಆಸ್ಪತ್ರೆ ಬೇಕಾಗುತ್ತದೆ. ವೀಸಾಕ್ಕಾಗಿ ಊರಿನಲ್ಲಿ ಕಾಯುತ್ತಿರುವ ಹೆಂಡತಿಗೆ ಆ ದೇಶದಲ್ಲಿ ಓಟಿಲ್ಲ. ಹಾಗಾಗಿ ಅವಳ ಕಣ್ಣೀರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ದೂರದ ದೇಶಗಳ ಮಾತು ಹಾಗಿರಲಿ. ನಮ್ಮ ಪಕ್ಕದ ಭಟ್ಕಳವನ್ನು ನೋಡಿ. ದೇಶ ವಿಭಜನೆಯ ಕಾಲದಿಂದ ಅಲ್ಲಿನ ನವಾಯತ್ ಕುಟುಂಬಗಳ ಒಂದು ಭಾಗ ಕರಾಚಿಯಲ್ಲಿದೆ. ಸೋದರ ಸಂಬಂಧಗಳಲ್ಲಿ ಮದುವೆಗಳಾಗುತ್ತಿದ್ದವು. ಹೀಗೆ ಬಂದ ಸೊಸೆಯರು ವರ್ಷಗಟ್ಟಲೆ ವೀಸಾ ನವೀಕರಿಸುತ್ತಾ ಇಲ್ಲಿಯೇ ಬದುಕಿದ್ದಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿ ಅಮಾಯಕರನ್ನು ಕೊಂದರು. ಅದು ಘೋರ ಪಾಪ, ಅದರಲ್ಲಿ ಎರಡು ಮಾತಿಲ್ಲ. ಅದರ ಬೆನ್ನಿಗೆ ಪಾಕಿಸ್ತಾನಿಗಳ ಸಾಮಾನ್ಯ ವೀಸಾಗಳು ಏಪ್ರಿಲ್ 27ರಿಂದ ರದ್ದಾದವು. ಅಟ್ಟಾರಿ ಗಡಿಯಲ್ಲಿ ಭಾರತದ ಪಾಸ್‌ಪೋರ್ಟಿನ ತಾಯಿ ಈಚೆ, ಪಾಕಿಸ್ತಾನದ ಪಾಸ್‌ಪೋರ್ಟಿನ ಮಕ್ಕಳು ಆಚೆ ಎಂಬಂಥ ದೃಶ್ಯಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಆ ಆದೇಶದಲ್ಲಿ ದೀರ್ಘಾವಧಿ ವೀಸಾ ಮಾತ್ರ ರದ್ದಾಗಲಿಲ್ಲ. ಭಾರತೀಯರನ್ನು ಮದುವೆಯಾಗಿ ಇಲ್ಲಿಯೇ ಇರುವ ಪಾಕಿಸ್ತಾನಿ ಮಹಿಳೆಯರಿಗೆ ಅರ್ಜಿ ಹಾಕಿ ಪಡೆಯಲು ಇರುವ ವೀಸಾ ಅದು. ಕಾಗದವನ್ನು ಸರಿಯಾಗಿ ಮಾಡಿಸಿಕೊಂಡವಳು ಮನೆಯಲ್ಲಿ ಉಳಿದಳು. 'ಆಮೇಲೆ ನೋಡೋಣ' ಎಂದವಳು ಗಡಿಯ ಸಾಲಿನಲ್ಲಿ ನಿಂತಳು.

ನಮ್ಮ ಕಾನೂನನ್ನೂ ತಿಳಿದುಕೊಳ್ಳಬೇಕು. ಮದುವೆಯಾದ ಕೂಡಲೇ ಯಾರಿಗೂ ಭಾರತದ ಪೌರತ್ವ ಸಿಗುವುದಿಲ್ಲ. 1955ರ ಪೌರತ್ವ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಭಾರತೀಯರನ್ನು ಮದುವೆಯಾದವರು ಇಲ್ಲಿ 7 ವರ್ಷ ವಾಸವಿದ್ದು ಅರ್ಜಿ ಹಾಕಬೇಕು. ಭಾರತೀಯರ ವಿದೇಶೀ ಸಂಗಾತಿ ಒ.ಸಿ.ಐ. ಕಾರ್ಡ್ ಪಡೆಯಲು, ಮದುವೆ ನೋಂದಣಿಯಾಗಿ 2 ವರ್ಷ ಬಾಳಿರಬೇಕು. ಪಾಕಿಸ್ತಾನ, ಬಾಂಗ್ಲಾದೇಶದವರಿಗೆ ಅದು ಸಿಗುವುದಿಲ್ಲ. ವಿಚ್ಛೇದನವಾದರೆ ಆ ಕಾರ್ಡೂ ರದ್ದಾಗಬಹುದು. ಇನ್ನೊಂದು ಗಂಭೀರ ವಿಷಯ: 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ, ಮತ್ತೊಬ್ಬರು ಅಕ್ರಮ ವಲಸಿಗರಾಗಿದ್ದರೆ ಮಗುವಿಗೆ ಹುಟ್ಟಿನಿಂದ ಪೌರತ್ವವಿಲ್ಲ. ವೀಸಾ ಅವಧಿ ಮುಗಿದರೂ ಉಳಿದವರೂ ಅಕ್ರಮ ವಲಸಿಗರೇ. ಅಂದರೆ ನಾವು ಸೊಸೆಯ ವೀಸಾ ನವೀಕರಿಸಲು ಮರೆತರೆ ಮೊಮ್ಮಗುವಿನ ಹಕ್ಕಿಗೇ ಕುತ್ತು.

2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಕಾಯ್ದೆಯಲ್ಲಿ, ಅವಧಿ ಮೀರಿ ಉಳಿದವರಿಗೆ 3 ವರ್ಷದವರೆಗೆ ಸೆರೆ ಮತ್ತು 3 ಲಕ್ಷದವರೆಗೆ ದಂಡ ವಿಧಿಸಬಹುದು. ಆಧಾರ್, ರೇಷನ್ ಕಾರ್ಡ್ ಹೇಗೋ ಮಾಡಿಸಿಕೊಂಡರೆ ಸಾಕು ಎನ್ನುವ ಬುದ್ಧಿವಂತರ ಮಾತು ಕೇಳಬೇಡಿ. ಸುಳ್ಳು ದಾಖಲೆ ಹರಾಮ್ ಸಂಪಾದನೆಯ ಹಾಗೆ, ಇಂದು ಹೊಟ್ಟೆ ತುಂಬಿಸಿ ನಾಳೆ ಮನೆ ಮುರಿಯುತ್ತದೆ. ಮಣಿಪಾಲದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆಗೆ ಕೊಡುವವರು ಫಾರ್ಮ್ ತುಂಬಿಸಿ ಪೊಲೀಸರಿಗೆ ತಿಳಿಸುವುದಿಲ್ಲವೇ? ಬಾಡಿಗೆಯವರ ಬಗ್ಗೆ ಇರುವ ಜಾಗ್ರತೆ ಸೊಸೆಯ ಬಗ್ಗೆಯೂ ಇರಬೇಡವೇ?

ಕೊಲ್ಲಿಯಲ್ಲಿ ಹೆರಿಗೆಯಾಗುವ ಸಹೋದರಿಯರಿಗೆ ಒಂದು ಮಾತು. ಅಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳು ಆ ದೇಶದ ಪ್ರಜೆಗಳಾಗುವುದಿಲ್ಲ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ಭಾರತೀಯನಾಗಬೇಕಾದರೆ, ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಣಿಯಾಗಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿಗೆ ಅಲೆಯಬೇಕು. ನಲವತ್ತು ದಿನದ ಸ್ನಾನದ ಲೆಕ್ಕ ಇಡುವ ನಾವು ಈ ಲೆಕ್ಕವನ್ನೂ ಇಡೋಣ.

ನಿಕಾಹ್‌ಗೆ ಸಂಬಂಧಿಸಿ ನಮ್ಮಲ್ಲಿ ಇನ್ನೊಂದು ಉದಾಸೀನವಿದೆ. ಮಸೀದಿಯ ದಫ್ತರಿನಲ್ಲಿ ಬರೆದಾಯಿತು, ಇನ್ನೇನು ಎನ್ನುತ್ತೇವೆ. ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 1976ರ ಕಾಯ್ದೆಯೇ ಇದೆ. 2023ರಲ್ಲಿ ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ ಸರಕಾರಿ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆದ್ದರಿಂದ ಉಡುಪಿಯಲ್ಲಾಗಲಿ ಕಾರ್ಕಳದಲ್ಲಾಗಲಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸುವುದೇ ಭದ್ರ. ವೀಸಾ ಅಧಿಕಾರಿಗೆ ನಿಮ್ಮ ಮದುವೆಯ ಬಿರಿಯಾನಿ ತಿಂದ ಸಾವಿರ ಮಂದಿಯ ಸಾಕ್ಷಿ ಬೇಡ, ಆ ಒಂದು ಹಾಳೆ ಬೇಕು.

ಇದೆಲ್ಲ ದೀನಿಗೆ ಹೊರತಾದ ಲೌಕಿಕ ಮಾತೆಂದು ಯಾರೂ ತಿಳಿಯಬಾರದು. ಕುರ್‌ಆನಿನ ಅತಿ ದೀರ್ಘ ವಚನ ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ನಾಲ್ಕು ಕಾಸಿನ ಸಾಲಕ್ಕೆ ಬರಹ ಬೇಕೆಂದ ದೀನ್, ಒಂದು ಹೆಣ್ಣಿನ ಬದುಕಿನ ಕರಾರನ್ನು ಬಾಯಿಮಾತಿಗೆ ಬಿಡಲು ಹೇಳುತ್ತದೆಯೇ? ಖಲೀಫ ಉಮರ್(ರ) ಅವರು, ಗಂಡ ಯುದ್ಧಕ್ಕೆ ಹೋಗಿರುವ ಹೆಣ್ಣೊಬ್ಬಳ ಅಳಲನ್ನು ರಾತ್ರಿ ಕೇಳಿಸಿಕೊಂಡರು. ಹೆಣ್ಣು ಎಷ್ಟು ಕಾಲ ಗಂಡನಿಲ್ಲದೆ ತಾಳಬಲ್ಲಳೆಂದು ಮಗಳು ಹಫ್ಸಾ(ರ) ಅವರನ್ನು ಕೇಳಿ, ಸೈನಿಕರನ್ನು ಅದಕ್ಕಿಂತ ಹೆಚ್ಚು ಕಾಲ ದೂರ ಇಡಬಾರದೆಂದು ಆಜ್ಞಾಪಿಸಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ನಮ್ಮ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಗಂಡನ ಮುಖ ಕಾಣುವವಳನ್ನು 'ಅದೃಷ್ಟವಂತೆ, ಗಂಡ ಗಲ್ಫಿನಲ್ಲಿದ್ದಾನೆ' ಎನ್ನುತ್ತೇವೆ.

ಹೋದ ಮೇಲೂ ಹೆಂಡತಿಯ ವೀಸಾ ಗಂಡನ ಇಖಾಮಾಕ್ಕೆ ಕಟ್ಟಿದ ಬಾಲ. ಅವನ ಕೆಲಸ ಹೋದರೆ ಇವಳ ವಾಸವೂ ಹೋಯಿತು. ಯು.ಎ.ಇ.ಯಲ್ಲಿ ವಿಧವೆಯರು, ವಿಚ್ಛೇದಿತೆಯರು ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯಲು 2018ರಲ್ಲಿ ಅವಕಾಶವಾಯಿತು. ಎಲ್ಲ ಕಡೆ ಹಾಗಿಲ್ಲ. ಆದ್ದರಿಂದ ಪಾಸ್‌ಪೋರ್ಟ್, ನಿಕಾಹ್‌ನಾಮ, ಮಗುವಿನ ಜನನ ಪತ್ರದ ಪ್ರತಿಗಳು ನಿಮ್ಮ ಕೈಯಲ್ಲೂ ತಾಯಿಯ ಮನೆಯಲ್ಲೂ ಇರಲಿ. ಅತ್ತೆಯ ಕಪಾಟಿನಲ್ಲಿ ಮಾತ್ರ ಬೇಡ. ಹೊರದೇಶದಲ್ಲಿ ಕಷ್ಟಕ್ಕೆ ಸಿಲುಕಿದರೆ ದೂತಾವಾಸಕ್ಕೆ ದೂರು ಕೊಡಲು ವಿದೇಶಾಂಗ ಇಲಾಖೆಯ 'ಮದದ್' ವ್ಯವಸ್ಥೆ 2015ರಿಂದ ಇದೆ.

ಆ ವಿದ್ಯಾರ್ಥಿನಿ ಮೊನ್ನೆ ಫೋನ್ ಮಾಡಿದ್ದಳು. ಬಿ.ಎಡ್. ಮುಂದುವರಿಸಲು ಗಂಡನೇ ಒತ್ತಾಯಿಸಿ ಹಣ ಕಳುಹಿಸಿದ್ದಾನಂತೆ. ತಂಗಿಗೆ ದುಬೈಯ ಹುಡುಗನ ಸಂಬಂಧ ಬಂದಿದೆ. ಇವಳು ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದು ಉಪ್ಪನ ಕೈಗೆ ಕೊಟ್ಟಳಂತೆ: ವೀಸಾ ಯಾವುದು, ಸಂಬಳ ಎಷ್ಟು, ಎಷ್ಟು ತಿಂಗಳಲ್ಲಿ ಕರೆಸಬಹುದು, ಆಗದಿದ್ದರೆ ಏನು ಮಾಡುವುದು. "ಇಷ್ಟೆಲ್ಲ ಕೇಳಿದರೆ ಸಂಬಂಧ ಮುರಿದೀತು" ಎಂದು ಹಿರಿಯರು ಹೆದರಿದರು. ಹುಡುಗನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಸದ್ಯಕ್ಕೆ ಸಂಬಳ ಸಾಲದು, ಒಂದೂವರೆ ವರ್ಷ ಬೇಕು, ಅಲ್ಲಿಯ ತನಕ ಅವಳು ಓದಲಿ ಎಂದ. ನಿಕಾಹ್ ನಿಶ್ಚಯವಾಗಿದೆ. ಅವನ ಮಾತನ್ನು ಎರಡೂ ಮನೆಯವರು ಕೂತು ಬರೆದಿಟ್ಟಿದ್ದಾರೆ.

ಕೇಳಿದ್ದರಿಂದ ಸಂಬಂಧ ಮುರಿಯಲಿಲ್ಲ. ನಿಮ್ಮ ಮನೆಯಲ್ಲಿ ಸಂಬಂಧದ ಮಾತು ನಡೆಯುತ್ತಿದ್ದರೆ ಇಂದೇ ಕೇಳಿ.