ಎರಡು ಬೆರಳಿಗೆ ಎರಡು ರೇಟು

ಅಮೆರಿಕದ ಒಬ್ಬ ಮನುಷ್ಯ. ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಹೋಗಿದೆ. ವಿಮೆ ಇಲ್ಲ. ಆಸ್ಪತ್ರೆಯವರು ರೇಟು ಹೇಳುತ್ತಾರೆ: ನಡುಬೆರಳು ಜೋಡಿಸಲು 60,000 ಡಾಲರ್, ಉಂಗುರದ ಬೆರಳಿಗೆ 12,000. ನಮ್ಮ ಇವತ್ತಿನ ಲೆಕ್ಕದಲ್ಲಿ ಒಂದಕ್ಕೆ ಸುಮಾರು 50 ಲಕ್ಷ, ಇನ್ನೊಂದಕ್ಕೆ 10 ಲಕ್ಷ. ಅವನು ಉಂಗುರದ ಬೆರಳನ್ನೇ ಆರಿಸಿಕೊಂಡ.

ಇದು 2007ರಲ್ಲಿ ಬಂದ ಮೈಕಲ್ ಮೂರ್ ಅವರ 'ಸಿಕೊ' ಸಾಕ್ಷ್ಯಚಿತ್ರದ ಶುರುವಿನಲ್ಲೇ ಬರುತ್ತದೆ. ಆದರೆ ಚಿತ್ರ ನಿಜವಾಗಿ ವಿಮೆ ಇಲ್ಲದವರ ಬಗ್ಗೆ ಅಲ್ಲ. ವಿಮೆ ಇದ್ದವರ ಬಗ್ಗೆ. ಕಂತು ಸರಿಯಾಗಿ ಕಟ್ಟಿದವರಿಗೂ ಕಾಯಿಲೆ ಬಂದಾಗ ಕಂಪನಿ ಇಲ್ಲ ಅಂದುಬಿಡುತ್ತದೆ.

ಲಿಂಡಾ ಪೀನೊ ಎಂಬ ಡಾಕ್ಟರ್ ವಿಮಾ ಕಂಪನಿಯ ಕೆಲಸದಲ್ಲಿದ್ದವರು. 1996ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು, ಒಬ್ಬ ರೋಗಿಗೆ ಬೇಕಾಗಿದ್ದ ಆಪರೇಷನ್ನಿಗೆ ತಾನು ಒಪ್ಪಿಗೆ ಕೊಡಲಿಲ್ಲ, ಅದರಿಂದ ಅವನು ಸತ್ತ, ಕಂಪನಿಗೆ ಅರ್ಧ ಮಿಲಿಯನ್ ಡಾಲರ್ ಉಳಿಯಿತು ಎಂದು ಒಪ್ಪಿಕೊಂಡರು. ಹೆಚ್ಚು ಅರ್ಜಿ ತಿರಸ್ಕರಿಸಿದ ಡಾಕ್ಟರಿಗೆ ಬೋನಸ್ ಇತ್ತಂತೆ.

ಅದೇ ಚಿತ್ರದಲ್ಲಿ ಮೂರ್ ಲಂಡನ್ನಿಗೆ ಹೋಗುತ್ತಾರೆ. ಅಲ್ಲಿನ ಸರ್ಕಾರಿ ಡಾಕ್ಟರಿಗೂ ಹೆಚ್ಚುವರಿ ದುಡ್ಡು ಸಿಗುತ್ತದೆ. ಯಾವಾಗ? ರೋಗಿ ಸಿಗರೇಟು ಬಿಟ್ಟರೆ, ರೋಗಿಯ ಬಿಪಿ ಹತೋಟಿಗೆ ಬಂದರೆ.

ಅಲ್ಲಿಗೆ ವಿಡಿಯೋ ನಿಲ್ಲಿಸಿ ನಾವು ಸ್ವಲ್ಪ ಹೊತ್ತು ಮಾತಾಡಿಕೊಂಡೆವು. ಯುರೋಪಿನವರು ಒಳ್ಳೆಯವರು, ಅಮೆರಿಕದವರು ಕೆಟ್ಟವರು ಎಂಬ ಮಾತಲ್ಲ ಇದು. ಎರಡೂ ಕಡೆ ಡಾಕ್ಟರೇ, ಎರಡೂ ಕಡೆ ಬೋನಸ್ಸೇ. ಬೋನಸ್ ಯಾವುದಕ್ಕೆ ಅನ್ನುವುದಷ್ಟೇ ಬೇರೆ.

ಇನ್ನೊಂದು ದೃಶ್ಯಕ್ಕೆ ನಾವು ಜೋರಾಗಿ ನಕ್ಕೆವು. ಬ್ರಿಟನ್ ಆಸ್ಪತ್ರೆಯಲ್ಲಿ ಮೂರ್ ಬಿಲ್ ಕಟ್ಟುವ ಜಾಗ ಹುಡುಕುತ್ತಾರೆ. ಕೊನೆಗೆ 'ಕ್ಯಾಶಿಯರ್' ಎಂಬ ಬೋರ್ಡು ಕಾಣುತ್ತದೆ. ಹೋಗಿ ಕೇಳಿದರೆ, ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಬಡ ರೋಗಿಗಳಿಗೆ ಬಸ್ ಚಾರ್ಜು ಕೊಡುತ್ತಾರೆ! ಎರಡನೇ ಮಹಾಯುದ್ಧದಲ್ಲಿ ನುಚ್ಚುನೂರಾಗಿದ್ದ ದೇಶ 1948ರ ಜುಲೈನಲ್ಲಿ ಈ ವ್ಯವಸ್ಥೆ ಶುರು ಮಾಡಿತು. ಕೈಯಲ್ಲಿ ಕಾಸಿಲ್ಲದಿದ್ದಾಗಲೇ ಮಾಡಿದ್ದು ಅನ್ನೋದನ್ನ ಗಮನಿಸಿ.

ಹಾಗಂತ ಮೂರ್ ಹೇಳಿದ್ದೆಲ್ಲ ಪೂರ್ತಿ ಚಿತ್ರ ಅಲ್ಲ. 2015ರ 'ವೇರ್ ಟು ಇನ್ವೇಡ್ ನೆಕ್ಸ್ಟ್'ನಲ್ಲಿ ಅವರು ಇಟಲಿಯ ಸಂಬಳದ ರಜೆ, ಫ್ರಾನ್ಸಿನ ಶಾಲೆಯೂಟ, ನಾರ್ವೆಯ ಜೈಲು ಎಲ್ಲ ತೋರಿಸಿ, ನಾನು ಹೂವು ಕೀಳಲು ಬಂದವನು, ಕಳೆ ಕೀಳಲು ಅಲ್ಲ ಎಂಬರ್ಥದಲ್ಲಿ ಹೇಳಿಕೊಳ್ಳುತ್ತಾರೆ. ಹೊಲ ಮಾಡುವವರಿಗೆ ಗೊತ್ತು, ಕಳೆ ನೋಡದವನ ಮಾತು ನಂಬಿ ಬೆಳೆ ಕೊಳ್ಳಬಾರದು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವ ಪಟ್ಟಿ 2023ರಲ್ಲಿ 70 ಲಕ್ಷ ದಾಟಿತ್ತು. ಬಿಲ್ ಇಲ್ಲ, ಆದರೆ ಮಂಡಿ ನೋವಿನಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದೂ ಒಂದು ಬೆಲೆಯೇ.

ಅಮೆರಿಕದಲ್ಲಿ ಏನೇನೂ ಇಲ್ಲ ಅನ್ನುವುದೂ ತಪ್ಪು. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು 1965ರಲ್ಲೇ ಬಂದಿವೆ. 2010ರಲ್ಲಿ ಒಬಾಮ ತಂದ ಕಾನೂನಿನಿಂದ, ಮೊದಲೇ ಕಾಯಿಲೆ ಇದೆ ಎಂದು ಅಲ್ಲಿನವರಿಗೆ ಆರೋಗ್ಯ ವಿಮೆ ನಿರಾಕರಿಸುವುದಕ್ಕೂ ತಡೆ ಬಿತ್ತು. ಆದರೂ ನಮ್ಮ ಒಲವು ಕಾಯುವ ಸಾಲಿನ ಕಡೆಗೇ. ಸಾಲು ಉದ್ದವಾದರೆ ವೋಟು ಕೇಳಲು ಬಂದವರನ್ನು ಹಿಡಿದು ಕೇಳಬಹುದು. ಕಂಪನಿಯ ಡಾಕ್ಟರು ಯಾವುದೋ ಆಫೀಸಿನಲ್ಲಿ ಕೂತು ಇಲ್ಲ ಅಂದರೆ ಯಾರನ್ನು ಕೇಳುವುದು?

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮ ಹಳ್ಳಿಗಳಲ್ಲೂ ಇವೆ. ಮೊಮ್ಮಗು ನೋಡಲು ಹೊರಟ ಅಜ್ಜ ಅಜ್ಜಿಗೆ ಆ ಕಾನೂನು, ಆ ಯೋಜನೆ ಯಾವುದೂ ಸಿಗುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಒಂದೇ ಗತಿ. ಮೊದಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ, ಅಥವಾ ತುರ್ತಿಗೆ ಒಂದಿಷ್ಟು ಮಾತ್ರ. ಹೊರಡುವವರು ಆ ಪಾಲಿಸಿಯ ಸಣ್ಣಕ್ಷರವನ್ನು ಮಗನಿಂದಲೋ ಮಗಳಿಂದಲೋ ಫೋನಿನಲ್ಲಿ ಪೂರ್ತಿ ಓದಿಸಿಕೊಳ್ಳಿ. ಮಾತ್ರೆ ಇಲ್ಲಿಂದಲೇ ಕಟ್ಟಿಕೊಳ್ಳಿ, ಜೊತೆಗೆ ಡಾಕ್ಟರ ಚೀಟಿಯೂ ಇರಲಿ.