ಕ್ಯೂಆರ್ ಚೀಟಿ ಕಿತ್ತವರಿಗೆ ಒಂದು ಉತ್ತರ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಕೈಬರಹದ ರಟ್ಟುಗಳು ನೇತಾಡತೊಡಗಿದವು: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. ವಾಣಿಜ್ಯ ತೆರಿಗೆ ಇಲಾಖೆಯು ನಾಲ್ಕು ವರ್ಷಗಳ ಯುಪಿಐ ಜಮೆಯ ಮಾಹಿತಿ ತರಿಸಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಬಂದ್‌ಗೆ ಕರೆ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಮುಖಂಡರನ್ನು ಕರೆದು ಮಾತಾಡಿದರು. ಹಳೆಯ ಬಾಕಿಗೆ ಗಂಟುಬೀಳುವುದಿಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಎಂಬಲ್ಲಿಗೆ ಗದ್ದಲ ತಣ್ಣಗಾಯಿತು. ರಟ್ಟುಗಳೇನೋ ಬಹುಪಾಲು ಇಳಿದವು, ಅವುಗಳ ಹಿಂದಿದ್ದ ವಾದ ಇಳಿದಿಲ್ಲ. ಡಿಜಿಟಲ್ ಎನ್ನುವುದು ಸಣ್ಣವರನ್ನು ಹಿಡಿಯಲು ಹೂಡಿದ ಬಲೆ, ಬೆಳೆಯುವುದು ದೊಡ್ಡವರು ಮಾತ್ರ ಎಂಬ ಮಾತು ಸಂಘದ ಸಭೆಗಳಲ್ಲೂ ಗಲ್ಲಾಪೆಟ್ಟಿಗೆಯ ಎದುರೂ ಈಗಲೂ ಕೇಳುತ್ತದೆ. ಹಾಗೆನ್ನುವವರ ಆಕ್ಷೇಪಗಳಲ್ಲಿ ಕೆಲವಕ್ಕೆ ಹುರುಳಿದೆ, ಕೆಲವಕ್ಕಿಲ್ಲ.

ಮೊದಲ ಆಕ್ಷೇಪ: ಕ್ಯೂಆರ್ ಕೋಡ್ ಇಡದಿದ್ದರೆ ನೋಟಿಸೇ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ, ಒಪ್ಪಿದೆ. ಆದರೆ ತೆರಿಗೆಯ ಹೊಣೆ ಹುಟ್ಟುವುದು ವಹಿವಾಟಿನಿಂದ. ದುಡ್ಡು ನೋಟಿನಲ್ಲಿ ಬಂತೋ ಫೋನಿನಲ್ಲಿ ಬಂತೋ ಎಂಬುದನ್ನು ಕಾನೂನು ಕೇಳುವುದಿಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. 40 ಲಕ್ಷ ಎಂದರೆ ದಿನಕ್ಕೆ ಸುಮಾರು 11 ಸಾವಿರ. ಜನ ಓಡಾಡುವ ಮೂಲೆಯ ಬೇಕರಿಗೆ ಇದು ಹೆಚ್ಚಿನ ಮೊತ್ತವೇನಲ್ಲ. ನಗದು ಯಾರ ಕಣ್ಣಿಗೂ ಬೀಳದು ಎಂಬ ನಂಬಿಕೆಯೂ ಅರ್ಧ ಸುಳ್ಳು: ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ರೂಪಾಯಿ ನಗದು ಜಮೆಯಾದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ.

ಹಾಗಾದರೆ ಆ ತಿಂಗಳು ವ್ಯಾಪಾರಿಗಳು ಅಷ್ಟು ಕಂಗಾಲಾದದ್ದೇಕೆ? ನೋಟಿಸಿನಲ್ಲಿದ್ದ ಅಂಕಿ ಖಾತೆಗೆ ಬಂದ ಒಟ್ಟು ಹಣದ್ದು. ಅದರಲ್ಲಿ ಹಾಲು, ಬ್ರೆಡ್, ತರಕಾರಿಯಂಥ ತೆರಿಗೆಯೇ ಇಲ್ಲದ ವಸ್ತುಗಳ ಮಾರಾಟ ಸೇರಿತ್ತು. ತಮ್ಮ ಕಳಿಸಿದ ಕೈಸಾಲ, ಎತ್ತಿದ ಚೀಟಿ ಹಣ, ಹೆಂಡತಿ ಖಾತೆಯಿಂದ ಬಂದ ದುಡ್ಡೂ ಬೆರೆತಿದ್ದಿರಬಹುದು. ಇದಿಷ್ಟು ವ್ಯಾಪಾರ, ಇದಿಷ್ಟು ಮನೆಯದು, ಇದರಲ್ಲಿಷ್ಟು ತೆರಿಗೆ ಇಲ್ಲದ ಸರಕು ಎಂದು ಬಿಡಿಸಿ ತೋರಿಸಲು ಖರೀದಿ ಬಿಲ್ ಬೇಕು, ಮಾರಾಟದ ಲೆಕ್ಕ ಬೇಕು, ವ್ಯಾಪಾರಕ್ಕೇ ಬೇರೆ ಖಾತೆ ಬೇಕು. ಅವು ಇರಲಿಲ್ಲ. ಹಣ ಬರುವ ಬಾಗಿಲು ಡಿಜಿಟಲ್ ಆಗಿತ್ತು. ಖರೀದಿ, ದಾಸ್ತಾನು, ಉದ್ರಿ ಎಲ್ಲವೂ ಮಾಲೀಕರ ತಲೆಯಲ್ಲೋ ಎಣ್ಣೆ ಜಿಡ್ಡಿನ ನೋಟ್‌ಬುಕ್ಕಿನಲ್ಲೋ ಉಳಿದಿತ್ತು. ಪೆಟ್ಟು ಬಿದ್ದದ್ದು ಈ ಅರೆಬರೆಗೆ. ಅದಕ್ಕೆ ಮದ್ದು ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡುವುದು. ಆದ ಅರ್ಧವನ್ನೂ ಕಿತ್ತೆಸೆದರೆ ಸಿಗುವುದೇನು?

ಮೆಡಿಕಲ್ ಶಾಪಿನವರನ್ನು ನೋಡಿ. ಯುಪಿಐ ಹೆಸರು ಕೇಳುವ ಎಷ್ಟೋ ಮೊದಲೇ ಅವರು ಕಂಪ್ಯೂಟರ್ ಬಿಲ್ಲಿಂಗಿಗೆ ಹೋದರು. ಯಾರ ಪ್ರಚಾರಕ್ಕೂ ಮರುಳಾಗಿ ಅಲ್ಲ. ಪ್ರತಿ ಮಾತ್ರೆಗೂ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತದೆ. ಸಕಾಲದಲ್ಲಿ ಡಿಸ್ಟ್ರಿಬ್ಯೂಟರ್‌ಗೆ ವಾಪಸು ಕೊಡದಿದ್ದರೆ ನಷ್ಟ ಅಂಗಡಿಯದೇ. ನೂರಾರು ಬಗೆಯ ಔಷಧಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾಗದು. ಇಂಥ ಅಂಗಡಿಗೆ ನೋಟಿಸ್ ಬಂದರೂ ಉತ್ತರ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಯಾವ ಬನ್ನು ದಿನಾ ಮಿಗುತ್ತದೆ, ಯಾವ ಕಂಪನಿಯ ಬಿಸ್ಕತ್ತು ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ ಎಂದು ಬೇಕರಿಯವರಿಗೆ ಹೀಗೆ ಗೊತ್ತಾದರೆ ಉಳಿಯುವ ದುಡ್ಡು ಎಷ್ಟೋ ಸಲ ತೆರಿಗೆಯ ಮೊತ್ತವನ್ನು ಮೀರುತ್ತದೆ.

ತೆರಿಗೆಯಾದರೂ ಎಷ್ಟು? 1.5 ಕೋಟಿವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿ ಇದೆ. ಕೊಂಡು ಮಾರುವವರು ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ 1, ಹೋಟೆಲಿನವರು ಶೇ 5 ಕಟ್ಟಿದರೆ ಮುಗಿಯಿತು. ವರ್ಷಕ್ಕೆ 60 ಲಕ್ಷದ ಸರಕು ಮಾರುವ ಅಂಗಡಿಗೆ ತಿಂಗಳಿಗೆ 5 ಸಾವಿರ ರೂಪಾಯಿ. ಗಿರಾಕಿಯಿಂದ ಇದನ್ನು ಬೇರೆ ವಸೂಲಿ ಮಾಡುವಂತಿಲ್ಲ, ಲಾಭದಿಂದಲೇ ಕೊಡಬೇಕು. ಹೊರೆ ಹೌದು, ಅಂಗಡಿ ಮುಚ್ಚಿಸುವ ಹೊರೆಯಲ್ಲ. ಆದರೆ ಈ ಸೌಲಭ್ಯ ನೋಂದಣಿಯಾದವರಿಗೆ, ಅದೂ ಅಲ್ಲಿಂದ ಮುಂದಕ್ಕೆ. ಹಿಂದಿನ ವರ್ಷಗಳಿಗೆ ಸಿಗದು. ನೋಟಿಸಿನ ಮೊತ್ತಗಳು ಲಕ್ಷಗಳಲ್ಲಿ ಬೆಳೆದದ್ದು ಅದಕ್ಕೇ.

ಇಲಾಖೆಯ ತಪ್ಪನ್ನೂ ಹೇಳಬೇಕು. ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಏಟಿಗೆ ನಾಲ್ಕು ವರ್ಷದ ಲೆಕ್ಕ ಕೇಳಿದ್ದು ಸರಿಯಲ್ಲ. ತೆರಿಗೆಯಿಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡವೆಂದು ಕಾನೂನು ಹೇಳುತ್ತಿರುವಾಗ ತರಕಾರಿ ವ್ಯಾಪಾರಿಗೆ ಲಕ್ಷಗಟ್ಟಲೆಯ ನೋಟಿಸ್ ಕೊಟ್ಟದ್ದಂತೂ ಬುದ್ಧಿಗೇಡಿತನ. ಯಂತ್ರ ಕೊಟ್ಟ ಪಟ್ಟಿಯನ್ನು ಮನುಷ್ಯರು ಓದದೆ ಅಂಚೆಗೆ ಹಾಕಿದರೆ ಹೀಗೇ ಆಗುವುದು.

ಎರಡನೆಯ ಆಕ್ಷೇಪ ಉದ್ರಿಯದು. ನಮ್ಮ ವ್ಯಾಪಾರ ನಡೆಯುವುದು ಮುಖ ಪರಿಚಯದ ಮೇಲೆ, ಅದನ್ನು ಆ್ಯಪಿಗೆ ಹಾಕಿದರೆ ಸಂಬಂಧ ಕೆಡುತ್ತದೆ ಎನ್ನುತ್ತಾರೆ. ಸಂಬಂಧ ಕೆಡಿಸುವುದು ಉದ್ರಿ ಪುಸ್ತಕದ ಜಗಳವೇ ಹೊರತು ಲೆಕ್ಕವಲ್ಲ. 'ನಾನು ಕೊಟ್ಟಿದ್ದೆ', 'ಇಲ್ಲ ಕೊಟ್ಟಿರಲಿಲ್ಲ' ಎಂಬ ತಗಾದೆ ನೋಡದ ಕಿರಾಣಿ ಅಂಗಡಿ ಇದೆಯೇ? ಖಾತಾಬುಕ್, ಓಕೆಕ್ರೆಡಿಟ್ ಎಂಬ ಎರಡು ಬೆಂಗಳೂರು ಕಂಪನಿಗಳು ಬೆಳೆದದ್ದೇ ಈ ಒಂದು ಕೆಲಸ ಮಾಡಿ: ಉದ್ರಿ ಬರೆದೊಡನೆ ಇಬ್ಬರ ಫೋನಿಗೂ ಲೆಕ್ಕ ಹೋಗುತ್ತದೆ, ವಸೂಲಿಯ ನೆನಪೋಲೆಯನ್ನು ಆ್ಯಪೇ ಕಳಿಸುತ್ತದೆ. ಕೇಳಲು ಸಂಕೋಚಪಡುವ ಮಾಲೀಕರಿಗೆ ಇದಕ್ಕಿಂತ ಉಪಕಾರ ಬೇರಿಲ್ಲ.

ಉದ್ರಿ ಕೊಡುವವರಿಗೂ ಸಾಲ ಬೇಕು, ಅಲ್ಲಿದೆ ನಿಜವಾದ ವಿಷಯ. ಲೆಕ್ಕವಿಲ್ಲದ ಅಂಗಡಿಗೆ ಬ್ಯಾಂಕಿನ ಬಾಗಿಲು ತೆರೆಯದು, ಆಗ ತೆರೆದಿರುವುದು ಮೀಟರ್ ಬಡ್ಡಿಯವರ ಬಾಗಿಲೊಂದೇ. ವಸೂಲಿ ಕಿರುಕುಳ ಮಿತಿಮೀರಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇನ್ನೊಂದು ದಾರಿಯೂ ಇದೆ. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಅಡಮಾನವಿಲ್ಲದೆ ಮೊದಲು 10 ಸಾವಿರ, ತೀರಿಸಿದರೆ 20 ಸಾವಿರ, ಮತ್ತೆ ತೀರಿಸಿದರೆ 50 ಸಾವಿರ ಸಾಲ. ಆಮೇಲೆ ಮೊದಲೆರಡು ಮೆಟ್ಟಿಲುಗಳನ್ನು 15 ಮತ್ತು 25 ಸಾವಿರಕ್ಕೆ ಏರಿಸಿದರು. ಡಿಜಿಟಲ್ ಪಾವತಿ ಪಡೆದವರಿಗೆ ಕ್ಯಾಶ್‌ಬ್ಯಾಕ್ ಕೂಡ ಉಂಟು. ನೋಂದಾಯಿತ ಅಂಗಡಿಗಾದರೆ ಜಿಎಸ್‌ಟಿ ರಿಟರ್ನ್ಸ್ ಮತ್ತು ಖಾತೆಯ ಜಮೆ ನೋಡಿಯೇ ಸಾಲ ಕೊಡುವ ಬ್ಯಾಂಕುಗಳಿವೆ. ನೋಟಿಸ್ ತಂದ ಅದೇ ಜಮೆಯ ಪಟ್ಟಿ ಇಲ್ಲಿ ಜಾಮೀನಿನ ಕೆಲಸ ಮಾಡುತ್ತದೆ. ಸೌಂಡ್ ಬಾಕ್ಸ್ ಕೊಟ್ಟ ಆ್ಯಪಿನವರೂ ಸಾಲ ಕೊಡಿಸುತ್ತೇವೆಂದು ಬರುತ್ತಾರೆ, ದಿನದ ಜಮೆಯಿಂದಲೇ ಕಂತು ಮುರಿದುಕೊಳ್ಳುತ್ತಾರೆ. ಅವರ ಬಡ್ಡಿಯನ್ನು ಬ್ಯಾಂಕಿನ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ ಸಹಿ ಹಾಕುವುದು ಒಳ್ಳೆಯದು.

ಮೂರನೆಯದು: ಕಮಿಷನ್ ತಿನ್ನುವ ಆ್ಯಪುಗಳು ಸಣ್ಣವರನ್ನು ನುಂಗುತ್ತವೆ. ಇದರಲ್ಲಿ ಸತ್ಯ ಬಹಳವಿದೆ. ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಕಂಪನಿಗಳ ಮುಂದೆ ಬಡಾವಣೆಯ ಕಿರಾಣಿ ಅಂಗಡಿ ರಿಯಾಯಿತಿಯಲ್ಲಿ ಗೆಲ್ಲಲಾರದು, ಕ್ಯೂಆರ್ ಇದ್ದರೂ ಅಷ್ಟೇ, ಕಿತ್ತರೂ ಅಷ್ಟೇ. ಆದರೆ ಕಮಿಷನ್ ತಂತ್ರಜ್ಞಾನದ ಹಣೆಬರಹವಲ್ಲ, ವ್ಯಾಪಾರದ ಒಂದು ಷರತ್ತು. ಅದನ್ನು ಬದಲಿಸಬಹುದೆಂದು ತೋರಿಸಿದವರು ನಮ್ಮ ಆಟೊ ಚಾಲಕರು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಂದ 'ನಮ್ಮ ಯಾತ್ರಿ' ಆ್ಯಪಿಗೆ ಚಾಲಕರ ಸಂಘದ ಬೆಂಬಲವಿತ್ತು. ಅದು ಬಾಡಿಗೆಯಲ್ಲಿ ಪಾಲು ಕೇಳಲಿಲ್ಲ, ಮುಂದೆ ದಿನಕ್ಕೆ 25 ರೂಪಾಯಿಯ ಶುಲ್ಕ ಇಟ್ಟಿತು. 2025ರ ಫೆಬ್ರುವರಿಯ ಹೊತ್ತಿಗೆ ಉಬರ್ ಕೂಡ ಆಟೊಗಳ ಮಟ್ಟಿಗೆ ಕಮಿಷನ್ ಬಿಟ್ಟು ದಿನದ ಶುಲ್ಕಕ್ಕೆ ಬಂತು. ಚಾಲಕರು ಫೋನ್ ಎಸೆದು ಪ್ರತಿಭಟಿಸಿದ್ದರೆ ಇದು ಆಗುತ್ತಿತ್ತೇ?

ಇವತ್ತು ಪುಕ್ಕಟೆ, ನಾಳೆ ಶುಲ್ಕ ಹಾಕುತ್ತಾರೆ ಎಂಬ ಅನುಮಾನಕ್ಕೆ ಕಾರಣವಿದೆ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅದರ ಖರ್ಚನ್ನು ಬ್ಯಾಂಕುಗಳು ಹೊರುತ್ತಿವೆ, ಸಣ್ಣ ವ್ಯಾಪಾರಿಗಳ 2 ಸಾವಿರ ರೂಪಾಯಿವರೆಗಿನ ಪಾವತಿಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತಿದೆ. ಅದು ಎಂದೆಂದಿಗೂ ಹೀಗೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ನಗದೂ ಪುಕ್ಕಟೆಯಲ್ಲ. ಚಿಲ್ಲರೆ ಇಲ್ಲವೆಂದು ಕೈಗಿಟ್ಟ ಚಾಕೊಲೇಟು, ಹರಿದ ನೋಟು, ರಾತ್ರಿ ಎಣಿಸುವ ಹೊತ್ತು, ಹುಡುಗರ ಕೈಗೆ ಗಲ್ಲಾ ಬಿಟ್ಟು ಊರಿಗೆ ಹೋದ ದಿನದ ಆತಂಕ, ಇವಕ್ಕೆ ಯಾರೂ ಬೆಲೆ ಕಟ್ಟಿಲ್ಲ ಅಷ್ಟೇ.

ಮೋಸದ ಮಾತಿಗೆ ಹೆಚ್ಚು ಜಾಗ ಬೇಡ. ಕ್ಯೂಆರ್ ಮೇಲೆ ಬೇರೆಯವರ ಕ್ಯೂಆರ್ ಅಂಟಿಸುವುದು, ಹಣ ಕಳಿಸಿದ ನಕಲಿ ಸ್ಕ್ರೀನ್ ತೋರಿಸುವುದು ನಡೆಯುತ್ತದೆ. 'ಬಂದಿದೆ' ಎಂದು ಕನ್ನಡದಲ್ಲಿ ಕೂಗುವ ಸೌಂಡ್ ಬಾಕ್ಸ್ ಈ ಎರಡಕ್ಕೂ ಸಾಕಷ್ಟು ಕಡಿವಾಣ ಹಾಕಿದೆ. ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಖೋಟಾ ನೋಟು ಕೈಗೆ ಬಿದ್ದರೆ ಕರೆ ಮಾಡಲು ಯಾವ ಸಂಖ್ಯೆಯಿದೆ?

ವ್ಯಾಪಾರಿ ಸಂಘಗಳು ಮುಂದಿನ ಸಲ ಮುಖ್ಯಮಂತ್ರಿಯ ಎದುರು ಕೂತಾಗ ಯುಪಿಐ ಮಾಹಿತಿ ಮುಟ್ಟಬೇಡಿ ಎಂದು ಬೇಡುವ ಬದಲು ಇದನ್ನು ಕೇಳಲಿ: ಇಲಾಖೆಯ ಕೈಯಲ್ಲಿ ಮಾಹಿತಿ ಇದ್ದೇ ಇರುವುದರಿಂದ, ಜಮೆ 30 ಲಕ್ಷ ಮುಟ್ಟಿದ ವಾರವೇ ಅಂಗಡಿಯವರ ಫೋನಿಗೆ ಕನ್ನಡದಲ್ಲಿ ಎಚ್ಚರಿಕೆ ಬರಲಿ, ರಾಜಿ ತೆರಿಗೆಗೆ ಅರ್ಜಿ ಹಾಕುವ ಕೊಂಡಿಯೂ ಅದರಲ್ಲೇ ಇರಲಿ.