ನೂರಿಪ್ಪತ್ತು ಮೀಟರು, ಎಲ್ಲಿಂದ?

ರೋಣಕ್ಕೆ ಹಿಂದೆ ದ್ರೋಣಪುರವೆಂಬ ಹೆಸರಿತ್ತೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಆ ದ್ರೋಣರ ಊರಿಗೆ ಈಗ ಡ್ರೋನು ಬಂದಿದೆ. ಮದುವೆಯ ಹಂದರದಲ್ಲಿ ಅಕ್ಷತೆ ಬೀಳುವುದಕ್ಕೆ ಮೊದಲೇ ಅದು ತಲೆಯ ಮೇಲೆ ಗುಂಯ್ ಎನ್ನುತ್ತಿರುತ್ತದೆ. ಗಂಡು-ಹೆಣ್ಣನ್ನು ನೋಡಬೇಕಾದ ಮಂದಿ ಕತ್ತೆತ್ತಿ ಅದನ್ನೇ ನೋಡುತ್ತಾರೆ. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ-ಹಿತ್ತಿಲುಗಳ ಗಡಿಯನ್ನು ಅಳೆಯುವುದಕ್ಕೂ ಡ್ರೋನನ್ನೇ ಬಳಸಿದರು. ಹೊಲಕ್ಕೆ ಔಷಧಿ ಹೊಡೆಯುವ ಕೆಲಸಕ್ಕೂ ಅದು ಇಳಿದಿದೆ. ಇದನ್ನೆಲ್ಲ ಬೇಡವೆನ್ನುವ ಹಳೆಯ ಬುದ್ಧಿ ನನ್ನದಲ್ಲ. ಆದರೆ ಅದನ್ನು ಹಾರಿಸುವ ನಮ್ಮ ತರುಣರಲ್ಲಿ ಬಹುಮಂದಿ ತಿಳಿಯದೆ ಮಾಡುತ್ತಿರುವ ಒಂದು ತಪ್ಪಿದೆ. ಅದು ಎರೆಹೊಲದ ಬಯಲಿನಲ್ಲಿ ಕಾಣುವುದಿಲ್ಲ. ಗುಡ್ಡಕ್ಕೆ ಹೋದೊಡನೆ ಕಾಣುತ್ತದೆ.

ನನ್ನ ಗೆಳೆಯನೊಬ್ಬ ರಜೆಯ ದಿನಗಳಲ್ಲಿ ಫೋಟೋ ತೆಗೆಯುವವರ ಜೊತೆ ಕೆಲಸಕ್ಕೆ ಹೋಗುತ್ತಾನೆ. ಕಂತಿನ ಮೇಲೆ ಒಂದು ಡ್ರೋನನ್ನೂ ಕೊಂಡಿದ್ದಾನೆ. ಕಳೆದ ವರ್ಷ ಮದುವೆಗೆ ನಿಂತ ಜೋಡಿಯೊಂದರ ಚಿತ್ರ ತೆಗೆಯಲು ಗಜೇಂದ್ರಗಡದ ಗುಡ್ಡಕ್ಕೆ ಹೋಗಿದ್ದ. ಗುಡ್ಡದ ಬುಡದಿಂದ ಡ್ರೋನನ್ನು ಏರಿಸಿದ. ೧೨೦ ಮೀಟರು ದಾಟಬಾರದೆಂಬ ಕಾಯಿದೆ ಅವನಿಗೆ ಗೊತ್ತಿತ್ತು. ಯಂತ್ರದಲ್ಲಿಯೂ ಅದೇ ಮಿತಿಯನ್ನು ಇಟ್ಟಿದ್ದ. ತೆರೆಯ ಮೇಲೆ ೭೦ ಎಂದು ತೋರಿಸುತ್ತಿತ್ತು. ಇನ್ನೂ ೫೦ ಮೀಟರು ಉಳಿದಿದೆಯೆಂಬ ಧೈರ್ಯದಿಂದ ಗುಡ್ಡದ ಕಡೆಗೆ ನೂಕಿದ. ತುಸು ಹೊತ್ತಿನಲ್ಲಿ ತೆರೆ ಕಪ್ಪಾಯಿತು. ಡ್ರೋನು ೭೦ ಮೀಟರು ಎತ್ತರದಲ್ಲಿಯೇ ಇತ್ತು. ಗುಡ್ಡವೂ ಅಲ್ಲಿ ೭೦ ಮೀಟರು ಎತ್ತರವಾಗಿತ್ತು! ಅದು ಬಡಿದು ಬಿದ್ದ ಬಂಡೆಯಿಂದ ಹತ್ತು ಹೆಜ್ಜೆಯಾಚೆ ಕುರಿ ಮೇಯಿಸುವ ಹುಡುಗನೊಬ್ಬ ಕುಳಿತಿದ್ದ. “ಹದ್ದು ಬಿತ್ತಂತ ತಿಳದಿದ್ನಿರೀ ಅಣ್ಣಾರ” ಎಂದನಂತೆ. ಹತ್ತು ಹೆಜ್ಜೆ ಈಚೆಗೆ ಬಿದ್ದಿದ್ದರೆ ಆ ಹುಡುಗನ ತಾಯಿಗೆ ನನ್ನ ಗೆಳೆಯ ಏನು ಹೇಳುತ್ತಿದ್ದನೋ!

ದುರಸ್ತಿಗೆ ಎರಡು ತಿಂಗಳ ಗಳಿಕೆ ಹೋಯಿತು. ಆಮೇಲೆ ಅವನು ಜಾಣನಾದನೆಂದುಕೊಂಡ: ಬುಡದಿಂದ ಹಾರಿಸಿದರೆ ತಾನೆ ಗುಡ್ಡಕ್ಕೆ ಬಡಿಯುವುದು, ನೆತ್ತಿಯಿಂದಲೇ ಹಾರಿಸಿದರಾಯಿತು. ಹಾಗೆಯೇ ಮಾಡಿದ. ನೆತ್ತಿಯಿಂದ ಏರಿಸಿ, ಬಯಲಿನ ಮೇಲೆ ದೂರದವರೆಗೆ ಕಳಿಸಿ, ಊರೆಲ್ಲ ಒಂದೇ ಚೌಕಟ್ಟಿನಲ್ಲಿ ಬರುವಂತೆ ಸೊಗಸಾದ ಚಿತ್ರ ತೆಗೆದ. ತೆರೆಯ ಮೇಲೆ ೧೧೦. ಈ ಸಲ ಏನೂ ಬಡಿಯಲಿಲ್ಲ, ಯಾರೂ ಬೈಯಲಿಲ್ಲ. ಆದರೆ ನನ್ನ ತಿಳಿವಳಿಕೆಯಂತೆ ಕಾಯಿದೆ ಮುರಿದದ್ದು ಈ ಎರಡನೆಯ ಸಲವೇ.

ಅದು ಹೇಗೆಂಬುದನ್ನು ತುಸು ಬಿಡಿಸಿ ಹೇಳಬೇಕು. ಭಾರತ ಸರ್ಕಾರ ೨೦೨೧ರ ಆಗಸ್ಟಿನಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಳದಿಯಾಗಲಿ ಕೆಂಪಾಗಲಿ ಎಂದು ಗುರುತಿಸದ ಭೂಪ್ರದೇಶದ ಮೇಲೆ ೪೦೦ ಅಡಿ, ಅಂದರೆ ೧೨೦ ಮೀಟರಿನವರೆಗೆ ಹಸಿರು ವಲಯ. ಅಲ್ಲಿ ಹಾರಿಸಲು ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ ೮ ಕಿಲೋಮೀಟರಿನಿಂದ ೧೨ ಕಿಲೋಮೀಟರಿನವರೆಗಿನ ಪ್ರದೇಶದಲ್ಲಿ ಈ ಮಿತಿ ೬೦ ಮೀಟರಿಗೆ ಇಳಿಯುತ್ತದೆ; ಹುಬ್ಬಳ್ಳಿಯ ನಿಲ್ದಾಣ ನಮಗೆ ದೂರವಾದ್ದರಿಂದ ಆ ಮಾತು ಇಲ್ಲಿ ಬೇಡ. ಹಸಿರು ವಲಯದ ಮೇಲಿನದು ಹಳದಿ. ಅಲ್ಲಿ ವಿಮಾನ ಸಂಚಾರ ನಿಯಂತ್ರಕರ ಅನುಮತಿ ಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾಲು ಕಿಲೋ ಮೀರದ ‘ನ್ಯಾನೋ’ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲವೆಂಬುದನ್ನು ಕೇಳಿದ ನಮ್ಮ ಹುಡುಗರು, ಅದಕ್ಕೆ ಯಾವ ನಿಯಮವೂ ಇಲ್ಲವೆಂದು ತಿಳಿದಿದ್ದಾರೆ. ಎತ್ತರದ ಮಿತಿ ಅದಕ್ಕೂ ಉಂಟು.

ಇಲ್ಲಿ ಗಮನಿಸಬೇಕಾದ ಮಾತು ‘ಭೂಪ್ರದೇಶದ ಮೇಲೆ’ ಎಂಬುದು. ಕಾಯಿದೆ ಅಳೆಯುವುದು ಡ್ರೋನಿನ ಕೆಳಗಿರುವ ನೆಲದಿಂದ. ಯಂತ್ರ ತೋರಿಸುವುದಾದರೋ ತಾನು ಹೊರಟ ಜಾಗದಿಂದ. ಸಾಮಾನ್ಯ ಡ್ರೋನಿನೊಳಗೆ ಗಾಳಿಯ ಒತ್ತಡವನ್ನು ಅಳೆಯುವ ಚಿಕ್ಕ ಉಪಕರಣವಿರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ. ನಮ್ಮ ಸೀಮೆಯ ಎತ್ತರದಲ್ಲಿ ಸುಮಾರು ೯ ಮೀಟರಿಗೆ ಒಂದು ಮಿಲಿಬಾರ್. ಹೊರಡುವಾಗಿನ ಒತ್ತಡವನ್ನು ಸೊನ್ನೆಯೆಂದು ಹಿಡಿದು, ಎಷ್ಟು ಇಳಿಯಿತೆಂದು ನೋಡಿ ಅದು ಎತ್ತರವನ್ನು ಲೆಕ್ಕ ಹಾಕುತ್ತದೆ. ಕೆಳಗೆ ಗುಡ್ಡವಿದೆಯೋ ಕಣಿವೆಯಿದೆಯೋ ಆ ಬಡಪಾಯಿಗೆ ತಿಳಿಯದು. ನೆಲದ ಏರಿಳಿತವನ್ನು ಅನುಸರಿಸಿ ಹಾರುವ ಯಂತ್ರಗಳೂ ಇವೆ, ಆದರೆ ಕಂತಿನ ಮೇಲೆ ಕೊಳ್ಳುವವರ ಕೈಗೆ ಅವು ಸುಲಭವಾಗಿ ಎಟುಕುವುದಿಲ್ಲ. ೧೦೦ ಮೀಟರು ಎತ್ತರದ ಗುಡ್ಡದ ನೆತ್ತಿಯಿಂದ ಹೊರಟ ಡ್ರೋನು ಬಯಲಿನ ಮೇಲೆ ಬಂದಾಗ ತೆರೆಯಲ್ಲಿ ೧೧೦ ಎಂದಿದ್ದರೆ, ಅದರ ಕೆಳಗಿನ ಜೋಳದ ಹೊಲದಿಂದ ಅದು ೨೧೦ ಮೀಟರು ಮೇಲಿದೆ. ಹಾರಿಸಿದವನು ಮಾತ್ರ ತಾನು ಕಾಯಿದೆ ಪಾಲಿಸುವ ಸಜ್ಜನನೆಂದೇ ನಂಬಿರುತ್ತಾನೆ.

“ಹೋಗಲೇ, ಯಾವ ಪೊಲೀಸ ಟೇಪ ಹಿಡಕೊಂಡು ಗುಡ್ಡಾ ಏರತಾನ?” ಎಂದು ಗೆಳೆಯ ನಕ್ಕ. ಅವನ ಮಾತು ಸುಳ್ಳಲ್ಲ. ಆದರೆ ಈ ಮಿತಿ ಇರುವುದು ಪೊಲೀಸರಿಗಾಗಿಯಲ್ಲ. ಮನುಷ್ಯರನ್ನು ಹೊತ್ತು ಹಾರುವ ಯಂತ್ರಗಳಿಗೂ ಮನುಷ್ಯರಿಲ್ಲದ ಈ ಯಂತ್ರಗಳಿಗೂ ನಡುವೆ ಒಂದಿಷ್ಟು ತೆರವು ಇರಲೆಂದು ಅದನ್ನು ಹಾಕಿದ್ದಾರೆ. ೨೦೨೫ರ ಜನವರಿ ೯ರಂದು ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಕಾಳ್ಗಿಚ್ಚು ಹಬ್ಬಿದಾಗ, ಬೆಂಕಿಯ ಮೇಲೆ ನೀರು ಸುರಿಯುತ್ತಿದ್ದ ವಿಮಾನಕ್ಕೆ ಸಣ್ಣದೊಂದು ಡ್ರೋನು ಬಡಿಯಿತು. ರೆಕ್ಕೆಯಲ್ಲಿ ತೂತು ಬಿದ್ದು ಆ ವಿಮಾನ ಕೆಲವು ದಿನ ಹಾರದೆ ನಿಲ್ಲಬೇಕಾಯಿತು. ಅತ್ತ ಬೆಂಕಿ ಉರಿಯುತ್ತಲೇ ಇತ್ತು. ಹಾರಿಸಿದವನಿಗೆ ಬೆಂಕಿಯನ್ನು ನೋಡುವ ಕುತೂಹಲ, ಅಷ್ಟೆ. ಅಮೆರಿಕ ನಮಗೆ ದೂರವೆನ್ನುವವರು ೨೦೧೯ರ ಆಗಸ್ಟನ್ನು ನೆನೆಯಲಿ. ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲೂಕಿನ ಹೊಳೆಆಲೂರು ನೀರಿನಲ್ಲಿ ನಿಂತುವು. ಆ ನೆರೆಯಲ್ಲಿ ಉತ್ತರ ಕರ್ನಾಟಕದ ಜನರನ್ನು ಹೆಲಿಕಾಪ್ಟರುಗಳಿಂದಲೂ ಎತ್ತಿ ಉಳಿಸಿದರು. ಅಂಥ ದಿನ ಮತ್ತೆ ಬಂದರೆ ಹೆಲಿಕಾಪ್ಟರು ಕೆಳಗೇ ಹಾರಬೇಕು. ನೆರೆಯ ಚಿತ್ರ ತೆಗೆಯುವ ಚಪಲ ನಮ್ಮವರಿಗೂ ಇದ್ದೇ ಇರುತ್ತದೆ.

ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳೂ ನಿಂತಿವೆ. ಕಾಯಿದೆಯೊಳಗೇ ಇದ್ದು ಅವುಗಳ ರೆಕ್ಕೆಗೆ ಸಿಕ್ಕಿಬೀಳುವುದಕ್ಕೆ ಏನೂ ಅಡ್ಡಿಯಿಲ್ಲ. ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲೇರುವ ಭಕ್ತರ ತಲೆಗಳೂ ಆ ಇಳಿಜಾರಿನಲ್ಲಿಯೇ ಇರುತ್ತವೆ.

ಇಷ್ಟು ಹೇಳಿದ ಮೇಲೆ ಕಾಯಿದೆಯ ಬಗೆಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ನರಗುಂದದ ಕೋಟೆಯ ಗುಡ್ಡವನ್ನೇ ತೆಗೆದುಕೊಳ್ಳಿ. ೧೮೫೮ರಲ್ಲಿ ಬಾಬಾಸಾಹೇಬ ಭಾವೆಯವರು ಆಂಗ್ಲರ ಮೇಲೆ ಬಂಡೆದ್ದ ಸ್ಥಳವದು. ಆ ಕೋಟೆಯನ್ನು ಹೊರಗಿನಿಂದ ಚಿತ್ರಿಸಬೇಕೆಂಬ ಆಸೆ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಉಂಟಾದರೆ ತಪ್ಪೇನು? ಆದರೆ ಕಡಿದಾದ ಗುಡ್ಡದ ಅಂಚಿನಿಂದ ಡ್ರೋನು ನಾಲ್ಕು ಮಾರು ಹೊರಗೆ ಹೋದೊಡನೆ ಅದರ ಕೆಳಗಿನ ನೆಲ ಒಮ್ಮೆಗೇ ಕುಸಿಯುತ್ತದೆ. ಆಳ ಸಾಕಷ್ಟಿದ್ದರೆ ಡ್ರೋನು ಒಂದು ಅಡಿಯೂ ಮೇಲೇರದೆ ಹಸಿರು ವಲಯದಿಂದ ಹಳದಿಗೆ ಜಿಗಿಯುತ್ತದೆ! ಐರೋಪ್ಯ ಒಕ್ಕೂಟದ ನಿಯಮದಲ್ಲಿಯೂ ಮಿತಿ ೧೨೦ ಮೀಟರೇ. ಆದರೆ ಅವರು ಅಳೆಯುವುದು ನೇರ ಕೆಳಗಿನ ನೆಲದಿಂದಲ್ಲ, ಭೂಮಿಯ ಅತ್ಯಂತ ಹತ್ತಿರದ ಬಿಂದುವಿನಿಂದ. ಬಂಡೆಯ ಗೋಡೆಯ ಪಕ್ಕದಲ್ಲಿ ಹಾರುವ ಡ್ರೋನು ಆ ಗೋಡೆಗೆ ಹತ್ತಿರವಿದ್ದರೆ ಸಾಕು. ಬಂಡೆಗೆ ಅಂಟಿಕೊಂಡಂತೆ ಯಾವ ವಿಮಾನವೂ ಬಾರದಷ್ಟೆ. ನಮ್ಮ ನಿಯಮದಲ್ಲಿರುವುದು ‘ಲಂಬ ಅಂತರ’ ಎಂಬ ಮಾತು. ಬಯಲುಸೀಮೆಗೆ ಅದು ಸರಿ. ಗುಡ್ಡಗಳಿಗಾಗಿ ಆ ಒಂದು ಮಾತನ್ನು ತಿದ್ದಿದರೆ ಪಾಲಿಸುವವರಿಗೂ ಸುಲಭ, ಕೇಳುವವರಿಗೂ ಸುಲಭವೆಂದು ನನಗೆ ತೋರುತ್ತದೆ. ತಿದ್ದುವವರೆಗೆ ಇರುವ ಮಾತನ್ನೇ ನಡೆಸಬೇಕು. ಅಂಚಿನಿಂದ ಹೊರಗೆ ಹೋಗುವಾಗ ಡ್ರೋನನ್ನು ಇಳಿಸುತ್ತ ಹೋಗಬೇಕು, ಇಲ್ಲವೆ ಮುಂಚಿತವಾಗಿ ಅನುಮತಿ ಪಡೆಯಬೇಕು.

ಎಷ್ಟು ಇಳಿಸಬೇಕೆಂದು ತಿಳಿಯುವುದು ಹೇಗೆ? ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ ಸಮೋನ್ನತಿ ರೇಖೆಗಳನ್ನು ಎಳೆದು, ಗುರುಗಳಿಂದ ಸಹಿ ಹಾಕಿಸಿಕೊಂಡು, ಪರೀಕ್ಷೆ ಮುಗಿದೊಡನೆ ಮರೆಯುವವರು ನಾವೇ ಅಲ್ಲವೆ? ಆ ರೇಖೆಗಳಿಂದ ಹೊಟ್ಟೆ ತುಂಬುವುದೇ ಎಂದು ನಾನೇ ಒಮ್ಮೆ ಕೇಳಿದವನು. ಈಗ ಮದುವೆಯ ಚಿತ್ರ ತೆಗೆದು ಹೊಟ್ಟೆ ಹೊರೆಯುವವನಿಗೆ ಅವೇ ಬೇಕಾಗಿವೆ. ಹಾರಿಸುವ ಜಾಗದ ರೇಖೆ ಯಾವುದು, ಡ್ರೋನು ಹೋಗುವ ಜಾಗದ ರೇಖೆ ಯಾವುದು ಎಂದು ನೋಡಿ, ಎರಡರ ವ್ಯತ್ಯಾಸವನ್ನು ಕೂಡಿಸುವುದೋ ಕಳೆಯುವುದೋ, ಅಷ್ಟೇ ಲೆಕ್ಕ. ನಮ್ಮ ಭೂಗೋಳ ವಿಭಾಗದವರು ಗಜೇಂದ್ರಗಡ ಮತ್ತು ನರಗುಂದದ ಗುಡ್ಡಗಳ ನಕ್ಷೆಯನ್ನು ದೊಡ್ಡದಾಗಿ ಬರೆಯಿಸಿ ಗೋಡೆಗೆ ಹಚ್ಚಿದರೆ, ಅದನ್ನು ನೋಡಲು ಕಾಲೇಜಿನ ಹೊರಗಿನವರೂ ಬಂದಾರು.

ನನ್ನ ಗೆಳೆಯನಂತೂ ನನ್ನ ಹಳೆಯ ಪ್ರಾಯೋಗಿಕ ಪುಸ್ತಕವನ್ನು ಒಯ್ದಿದ್ದಾನೆ. ಎರಡು ತಿಂಗಳಾಯಿತು, ಇನ್ನೂ ಮರಳಿಸಿಲ್ಲ.